ಹರಾಜು ನಿಲ್ಲಿಸಿದ ಹೆಂಗಸರು



ಈ ಪಾಠ ನಮ್ಮ ಪಕ್ಕದ ರಾಜ್ಯದ್ದು. ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯದ್ದು. ನಡೆದು ಮೂವತ್ತು ವರ್ಷದ ಮೇಲಾಯಿತು. ಅಲ್ಲಿನ ಹೆಂಗಸರು ಸಾರಾಯಿ ನಿಲ್ಲಿಸಿದರು ಅಂತ ನೀವು ಕೇಳಿರಬಹುದು. ಪೊರಕೆ ಹಿಡಿದು ಅಂಗಡಿಗೆ ಹೋದರಂತೆ, ಪಾಕೀಟು ರಾಶಿ ಹಾಕಿ ಸುಟ್ಟರಂತೆ ಅಂತ ಜನ ಹೇಳುತ್ತಾರೆ. ಅದು ನಿಜವೇ. ಆದರೆ ಪೊರಕೆ ಹಿಡಿದರೆ ಒಂದು ಊರಿನ ಅಂಗಡಿ ಮುಚ್ಚಬಹುದು. ಇಡೀ ರಾಜ್ಯದ ಅಂಗಡಿ ಮುಚ್ಚಿದ್ದು ಹೇಗೆ? ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ಶುರುವಾದದ್ದು ನಿಮ್ಮದೇ ತರಹದ ಒಂದು ಕಲಿಕಾ ಕೇಂದ್ರದಲ್ಲಿ.

1990-91ರ ಹೊತ್ತಿಗೆ ನೆಲ್ಲೂರು ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ಬಂತು. ಊರೂರಿಗೆ ಕಲಾಜಾಥಾ ಬಂದವು. ಹಾಡು, ನಾಟಕ ಆಡಿದರು. ರಾತ್ರಿ ಹೊತ್ತು ಪಾಠ ಶುರುವಾಯಿತು. ಹಗಲೆಲ್ಲ ಹೊಲದಲ್ಲಿ ದುಡಿದ ಹೆಂಗಸರು ರಾತ್ರಿ ಬಂದು ಕೂತರು. ಬಂದವರಲ್ಲಿ ಹೆಚ್ಚಿನವರು ಕೂಲಿ ಮಾಡುವವರು, ದಲಿತರು, ಹಿಂದುಳಿದ ಜಾತಿಯವರು. ಒಂದೇ ಊರಿನವರಾದರೂ ಅಷ್ಟು ಹೊತ್ತು ಒಟ್ಟಿಗೆ ಕೂತು ಮಾತಾಡಿದ್ದು ಅದೇ ಮೊದಲು ಅಂತಲೇ ಹೇಳಬೇಕು. ನೀರು ತರುವಾಗ, ಸೌದೆ ತರುವಾಗ ಮಾತು ಆಗುತ್ತೆ, ನಿಜ. ಆದರೆ ಆಗ ತಲೆ ಮೇಲೆ ಹೊರೆ ಇರುತ್ತೆ.

ಪಾಠದಲ್ಲಿ ಒಂದು ಪದ ಓದುತ್ತಿದ್ದರು. ಕೂಲಿ ಅಂತ ಓದಿದರೆ ಕೂಲಿ ಬಗ್ಗೆ ಮಾತು. ನೀರು ಅಂತ ಓದಿದರೆ ನೀರಿನ ಬಗ್ಗೆ ಮಾತು. ಯಾವ ಮಾತು ಶುರುವಾದರೂ ಕೊನೆಗೆ ಸಾರಾಯಿಗೇ ಬಂದು ನಿಲ್ಲುತ್ತಿತ್ತು. ಕುಡಿದ ಗಂಡಸರು ಪಾಠದ ಹೊತ್ತಿಗೇ ಬಂದು ಗಲಾಟೆ ಮಾಡುತ್ತಿದ್ದರು. ಮೊದಲು ಅಂಗಡಿ ಮುಚ್ಚಿಸಿ, ಆಮೇಲೆ ಓದು ಕಲಿಸಿ ಅಂತ ಹೆಂಗಸರು ಹೇಳಿದರು.

ಕಲಿಗಿರಿ ಮಂಡಲದಲ್ಲಿ ದೂಬಗುಂಟ ಅಂತ ಒಂದು ಹಳ್ಳಿ. ಆ ಊರಿನ ಹೆಂಗಸರು ಒಟ್ಟಾಗಿ ಊರ ಬಾಗಿಲಲ್ಲಿ ನಿಂತರು. ಸಾರಾಯಿ ತಂದವರನ್ನು ಒಳಗೆ ಬಿಡಲಿಲ್ಲ. ಅಂಗಡಿ ಮುಚ್ಚಿತು. ಅವರಲ್ಲಿ ಮುಂದಾಳಾಗಿದ್ದವರು ರೋಶಮ್ಮ. ದೂಬಗುಂಟ ರೋಶಮ್ಮ ಅಂತಲೇ ಅವರು ಮುಂದೆ ಹೆಸರಾದರು. 2016ರಲ್ಲಿ ತೀರಿಕೊಂಡರು.

ದೂಬಗುಂಟದ ಸಂಗತಿಯನ್ನು ಸಾಕ್ಷರತೆಯವರು ಪಾಠ ಮಾಡಿ ಬರೆದರು. ಹೊಸದಾಗಿ ಓದು ಕಲಿತವರ ಪುಸ್ತಕದಲ್ಲಿ ಅದು ಅಚ್ಚಾಯಿತು. ಹೆಂಗಸರು ಒಂದಾದರೆ ಏನಾಗುತ್ತದೆ ಅನ್ನುವುದೇ ಆ ಪಾಠದ ಹೆಸರು. ಜಿಲ್ಲೆಯ ಬೇರೆ ಊರುಗಳಲ್ಲಿ ಹೆಂಗಸರು ಅದನ್ನು ಕೂಡಿಸಿ ಕೂಡಿಸಿ ಓದಿದರು. ಇದು ಕಟ್ಟುಕಥೆ ಅಲ್ಲ, ಬಸ್ಸು ಹತ್ತಿದರೆ ಹೋಗಬಹುದಾದ ಊರು ಅಂತ ಗೊತ್ತಾಯಿತು. ಅವರಿಗೆ ಆದದ್ದು ನಮಗೆ ಯಾಕೆ ಆಗಬಾರದು ಅಂದರು. ಪಾಠ ಓದಿದ ಊರಲ್ಲೆಲ್ಲ ಕಾವಲು ಶುರುವಾಯಿತು. ಕೈಯಲ್ಲಿ ಪೊರಕೆ, ಸೆರಗಲ್ಲಿ ಖಾರದ ಪುಡಿ.

ಆದರೆ ಒಂದು ತೊಂದರೆ ಇತ್ತು. ಈ ಊರಲ್ಲಿ ಮುಚ್ಚಿಸಿದರೆ ಗಂಡಸರು ಪಕ್ಕದ ಊರಿಗೆ ಹೋಗಿ ಕುಡಿದು ಬರುತ್ತಿದ್ದರು. ಇವತ್ತು ಓಡಿಸಿದ ಜೀಪು ನಾಳೆ ಬೇರೆ ದಾರಿಯಲ್ಲಿ ಬರುತ್ತಿತ್ತು. ಕಂಟ್ರಾಕ್ಟರ್ ಕಡೆಯವರು ಬೆದರಿಕೆ ಹಾಕುತ್ತಿದ್ದರು. ಕೆಲವು ಕಡೆ ಹೆಂಗಸರ ಮೇಲೆಯೇ ಪೊಲೀಸ್ ಕೇಸು ಬಿತ್ತು. ಅಂಗಡಿಯವನು ಲೈಸೆನ್ಸ್ ತೋರಿಸಿ, ನಾನು ಸರ್ಕಾರಕ್ಕೆ ದುಡ್ಡು ಕಟ್ಟಿದ್ದೀನಿ, ಬೇಕಾದರೆ ಸರ್ಕಾರವನ್ನೇ ಕೇಳಿ ಅನ್ನುತ್ತಿದ್ದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಹಾಗಾದರೆ ಈ ದುಡ್ಡು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತೆ? ಒಂದು ಲೆಕ್ಕ ಹಾಕೋಣ. ಇದು ಉದಾಹರಣೆಗೆ ನಾವು ಹಾಕಿದ ಲೆಕ್ಕ. ಸ್ಲೇಟು ತಗೊಂಡು ನೀವೂ ಹಾಕಿ ನೋಡಿ.

ಒಬ್ಬ ಗಂಡಾಳಿಗೆ ದಿನಕ್ಕೆ 20 ರೂಪಾಯಿ ಕೂಲಿ. ಸಾರಾಯಿಗೆ 12 ರೂಪಾಯಿ. ಮನೆಗೆ ಬಂದದ್ದು 8. ಒಂದು ತಿಂಗಳಿಗೆ ಸಾರಾಯಿಗೆ ಹೋದದ್ದು 360 ರೂಪಾಯಿ. ಒಂದು ವರ್ಷಕ್ಕೆ 4,320 ರೂಪಾಯಿ. ಊರಲ್ಲಿ ಹೀಗೆ ಕುಡಿಯುವವರು 100 ಜನ ಇದ್ದರೆ? ವರ್ಷಕ್ಕೆ 4,32,000 ರೂಪಾಯಿ. ಒಂದು ಚಿಕ್ಕ ಹಳ್ಳಿಯಿಂದ, ಅದೂ ಕೂಲಿ ಮಾಡುವವರ ಮನೆಯಿಂದ, ನಾಲ್ಕು ಲಕ್ಷದ ಮೇಲೆ ಹೊರಗೆ ಹೋಯಿತು.

ಈ ದುಡ್ಡಿಗಾಗಿಯೇ ಹರಾಜು ನಡೆಯುತ್ತಿತ್ತು. ಆಗ ಆಂಧ್ರದಲ್ಲಿ ಸಾರಾಯಿ ಮಾರುವ ಹಕ್ಕನ್ನು ಸರ್ಕಾರ ವರ್ಷಕ್ಕೊಮ್ಮೆ ಹರಾಜು ಹಾಕುತ್ತಿತ್ತು. ದನದ ಜಾತ್ರೆಯಲ್ಲಿ ಕೂಗಿದ ಹಾಗೆ ಕೂಗುವುದು. ಯಾರು ಹೆಚ್ಚು ಕೂಗುತ್ತಾರೋ ಅವರಿಗೆ ಆ ಕಡೆಯ ಊರುಗಳಲ್ಲಿ ಒಂದು ವರ್ಷ ಮಾರುವ ಹಕ್ಕು. ಹರಾಜಿನ ದುಡ್ಡು ಸರ್ಕಾರಕ್ಕೆ. ಸಾರಾಯಿ ಮೇಲಿನ ಸುಂಕವೂ ಸರ್ಕಾರಕ್ಕೆ. ಕಂಟ್ರಾಕ್ಟರ್ ತಾನು ಕಟ್ಟಿದ ದುಡ್ಡು ವಾಪಸು ಬರಬೇಕು, ಮೇಲೆ ಲಾಭವೂ ಬರಬೇಕು. ಅದಕ್ಕೇ ಅವನು ಸುಮ್ಮನೆ ಅಂಗಡಿ ಇಟ್ಟು ಕೂರುವುದಿಲ್ಲ. ಜೀಪಿನಲ್ಲಿ ಹಟ್ಟಿ ಬಾಗಿಲಿಗೇ ತರುತ್ತಾನೆ. ಕೂಲಿ ದಿನ ನೋಡಿ ತರುತ್ತಾನೆ. ಸಾಲವಾಗಿ ಕೊಟ್ಟು ಬರೆದಿಟ್ಟುಕೊಳ್ಳುತ್ತಾನೆ. ಕುಡಿಯಲು ನೀರಿಲ್ಲದ ಊರಿಗೂ ಸಾರಾಯಿ ತಪ್ಪದೆ ಬರುತ್ತಿದ್ದದ್ದು ಈ ಕಾರಣಕ್ಕೆ.

ಇಷ್ಟು ಗೊತ್ತಾದ ಮೇಲೆ ಹೆಂಗಸರು ಬೇರೆ ದಾರಿ ಹಿಡಿದರು. ನಮ್ಮ ಪ್ರಕಾರ ಇಡೀ ಚಳವಳಿಯಲ್ಲಿ ಎಲ್ಲಕ್ಕಿಂತ ಜಾಣತನದ ಕೆಲಸ ಇದೇ. ಅಂಗಡಿ ಮುಂದೆ ನಿಲ್ಲುವುದರ ಜೊತೆಗೆ ಹರಾಜು ನಡೆಯುವ ಜಾಗಕ್ಕೂ ಹೋದರು.

ಅದು 1992ನೇ ಇಸವಿ. ಹೊಸ ಸಾರಾಯಿ ವರ್ಷ ಅಕ್ಟೋಬರ್ 1ರಿಂದ ಶುರು ಆಗಬೇಕು. ಅದಕ್ಕೆ ಮುಂಚೆ ಹರಾಜು ಮುಗಿಯಬೇಕು. ಹರಾಜು ನೆಲ್ಲೂರು ಪಟ್ಟಣದಲ್ಲಿ. ಹಳ್ಳಿಗಳಿಂದ ಹೆಂಗಸರು ಗುಂಪು ಗುಂಪಾಗಿ ಹೊರಟು ಬಂದರು. ಒಂದು ದಿನದ ಕೂಲಿ ಬಿಟ್ಟು ಬಂದರು ಅನ್ನುವುದನ್ನು ಮರೆಯಬಾರದು. ಕೂಲಿ ಬಿಟ್ಟರೆ ಆ ದಿನ ಒಲೆ ಹೊತ್ತುವುದು ಕಷ್ಟ. ಬಂದವರು ಹರಾಜಿನ ಜಾಗದ ಮುಂದೆ ಕೂತರು. ಹರಾಜು ನಡೆಯಲಿಲ್ಲ. ಮುಂದಕ್ಕೆ ಹಾಕಿದರು. ಇನ್ನೊಂದು ದಿನ ಗೊತ್ತು ಮಾಡಿದರು. ಆ ದಿನವೂ ಹೆಂಗಸರು ಬಂದರು. ಮತ್ತೆ ಮುಂದಕ್ಕೆ ಹಾಕಿದರು. ಹೀಗೆ ಎಷ್ಟೋ ಸಲ ಆಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಅಂಗಡಿ ಮುಚ್ಚಿದರೆ ನಷ್ಟ ಅಂಗಡಿಯವನಿಗೆ. ಹರಾಜು ನಿಂತರೆ ನಷ್ಟ ಸರ್ಕಾರದ ಖಜಾನೆಗೆ. ಅಲ್ಲಿಯವರೆಗೆ ಊರಿನ ಜಗಳ, ಗಂಡ ಹೆಂಡಿರ ಜಗಳ ಅನ್ನುತ್ತಿದ್ದವರೆಲ್ಲ ಈಗ ಹೈದರಾಬಾದಿನಲ್ಲಿ ಕೂತು ಮಾತಾಡಬೇಕಾಯಿತು. ಆಗ ಮುಖ್ಯಮಂತ್ರಿ ಆಗಿದ್ದ ಎನ್. ಜನಾರ್ದನ ರೆಡ್ಡಿಯವರು ನೆಲ್ಲೂರು ಜಿಲ್ಲೆಯವರೇ. ಅವರದೇ ಜಿಲ್ಲೆಯ ಹೆಂಗಸರು ಬೀದಿಗೆ ಬಂದಿದ್ದರು.

ಹೈದರಾಬಾದಿನ ತನಕ ಯಾಕೆ ಹೋಗಬೇಕು ಅಂತ ನೀವು ಕೇಳಬಹುದು. ಮದ್ಯದ ಕಾನೂನು ಮಾಡುವ ಅಧಿಕಾರ ನಮ್ಮ ದೇಶದಲ್ಲಿ ರಾಜ್ಯ ಸರ್ಕಾರದ್ದು. ಗ್ರಾಮ ಪಂಚಾಯಿತಿ ಇಡೀ ರಾಜ್ಯಕ್ಕೆ ಕಾನೂನು ಮಾಡಲು ಬರುವುದಿಲ್ಲ. ಸಂವಿಧಾನದ 47ನೇ ವಿಧಿಯಲ್ಲಿ ಒಂದು ಮಾತಿದೆ. ಆರೋಗ್ಯ ಕೆಡಿಸುವ ಮಾದಕ ಪಾನೀಯಗಳನ್ನು ನಿಲ್ಲಿಸಲು ಸರ್ಕಾರ ಪ್ರಯತ್ನ ಮಾಡಬೇಕು ಅಂತ. ಆದರೆ ಅದು ಸರ್ಕಾರಕ್ಕೆ ಹೇಳಿದ ದಾರಿ ಅಷ್ಟೇ. ಆ ದಾರಿಯಲ್ಲಿ ಹೋಗಲಿಲ್ಲ ಅಂತ ಕೋರ್ಟಿನಲ್ಲಿ ಹಿಡಿದು ಕೇಳಲು ಆಗುವುದಿಲ್ಲ. ಆದ್ದರಿಂದ ಜನರೇ ಕೇಳಬೇಕಾಗುತ್ತದೆ.

ಕೇಳುವುದಕ್ಕೆ ಒಂದು ಜಿಲ್ಲೆ ಸಾಲದು. ನೆಲ್ಲೂರಿನ ಸುದ್ದಿ ಚಿತ್ತೂರು, ಕರ್ನೂಲು ಕಡೆಗೆ ಹರಡಿತು. ತೆಲಂಗಾಣಕ್ಕೂ ಹೋಯಿತು. ಆಗ ತೆಲಂಗಾಣ ಆಂಧ್ರಪ್ರದೇಶದ ಒಳಗೇ ಇತ್ತು. ಬೇರೆ ರಾಜ್ಯ ಆದದ್ದು 2014ರಲ್ಲಿ. ಸಾಕ್ಷರತೆಯ ಕಾರ್ಯಕರ್ತರು, ಜನ ವಿಜ್ಞಾನ ವೇದಿಕೆಯವರು, ಮಹಿಳಾ ಸಂಘಟನೆಗಳು, ಎಡಪಕ್ಷಗಳು, ವಾವಿಲಾಲ ಗೋಪಾಲಕೃಷ್ಣಯ್ಯ ಅವರಂಥ ಗಾಂಧಿವಾದಿಗಳು, ಎಲ್ಲರೂ ಕೈ ಹಾಕಿದರು. ಈನಾಡು ಪತ್ರಿಕೆ ಚಳವಳಿಯ ಸುದ್ದಿಗೇ ಪುಟ ಮೀಸಲಿಟ್ಟಿತು. ಒಂದು ಊರಿನಲ್ಲಿ ಏನಾಯಿತು ಅಂತ ನೂರು ಊರಿಗೆ ಗೊತ್ತಾಗುತ್ತಿತ್ತು. ಓದು ಬಂದವರು ಬಾರದವರಿಗೆ ಓದಿ ಹೇಳುತ್ತಿದ್ದರು.

ಇಷ್ಟು ಬೇರೆ ಬೇರೆ ಜನ ಸೇರಿದರೆ ಜಗಳ ಆಗುವುದಿಲ್ಲವೇ? ಆಗುತ್ತೆ. ಒಬ್ಬರಿಗೆ ಗಾಂಧಿ ದಾರಿ ಬೇಕು, ಇನ್ನೊಬ್ಬರಿಗೆ ಕೆಂಪು ಬಾವುಟ ಬೇಕು. ಆದರೆ ಹಳ್ಳಿ ಹೆಂಗಸರು ಕೇಳುತ್ತಿದ್ದದ್ದು ಒಂದೇ. ಸಾರಾಯಿ ಬೇಡ. ಆ ಒಂದು ಬೇಡಿಕೆಯ ಹಿಂದೆ ಎಲ್ಲರೂ ನಿಲ್ಲಬೇಕಾಯಿತು.

1992ರ ಅಕ್ಟೋಬರಿನಲ್ಲಿ ಮುಖ್ಯಮಂತ್ರಿ ಬದಲಾದರು. ಕೋಟ್ಲ ವಿಜಯಭಾಸ್ಕರ ರೆಡ್ಡಿಯವರು ಬಂದರು. 1993ರ ಏಪ್ರಿಲ್ 15ರಿಂದ ನೆಲ್ಲೂರು ಜಿಲ್ಲೆಯಲ್ಲಿ ಸಾರಾಯಿ ನಿಂತಿತು. ಅದೇ ವರ್ಷ ಅಕ್ಟೋಬರ್ 1ರಿಂದ ಇಡೀ ರಾಜ್ಯದಲ್ಲಿ ಸಾರಾಯಿ ನಿಂತಿತು. ನೆಲ್ಲೂರಿನ ಹೆಂಗಸರು ಅಷ್ಟಕ್ಕೇ ಕೈ ಕಟ್ಟಿ ಕೂರಲಿಲ್ಲ. ಸಾರಾಯಿಗೆ ಹೋಗುತ್ತಿದ್ದ ದುಡ್ಡಿನಲ್ಲಿ ದಿನಕ್ಕೆ ಒಂದು ರೂಪಾಯಿ ಎತ್ತಿಟ್ಟು ಉಳಿತಾಯದ ಗುಂಪು ಕಟ್ಟಿದರು. ಅದಕ್ಕೆ ಪೊದುಪು ಲಕ್ಷ್ಮಿ ಅಂತ ಹೆಸರು. ಪೊದುಪು ಅಂದರೆ ತೆಲುಗಿನಲ್ಲಿ ಉಳಿತಾಯ.

ಇನ್ನು ಬಾಟಲಿ ಮದ್ಯ ಉಳಿದಿತ್ತು. ಬ್ರಾಂದಿ, ವಿಸ್ಕಿ ಇತ್ಯಾದಿ. 1994ರ ಕೊನೆಗೆ ವಿಧಾನಸಭೆಯ ಚುನಾವಣೆ ಬಂತು. ಹೆಂಗಸರ ಓಟಿನ ಬೆಲೆ ಎಲ್ಲ ಪಕ್ಷಗಳಿಗೂ ತಿಳಿದಿತ್ತು. ತೆಲುಗು ದೇಶಂ ಪಕ್ಷದ ಎನ್.ಟಿ. ರಾಮರಾವ್ ಎರಡು ಭರವಸೆ ಕೊಟ್ಟರು. ಕೆಜಿಗೆ ಎರಡು ರೂಪಾಯಿ ಅಕ್ಕಿ, ಮತ್ತು ಪೂರ್ತಿ ಪಾನ ನಿಷೇಧ. ಗೆದ್ದರು. 1995ರ ಜನವರಿ 16ರಿಂದ ಪೂರ್ತಿ ನಿಷೇಧ ಜಾರಿಗೆ ಬಂತು. ತಮಾಷೆ ಏನೆಂದರೆ, ಪಾಕೀಟು ಸಾರಾಯಿ ಹಳ್ಳಿ ಹಳ್ಳಿಗೆ ಹರಡಿದ್ದು 1980ರ ದಶಕದಲ್ಲಿ, ಇದೇ ರಾಮರಾವ್ ಅವರ ಸರ್ಕಾರ ಇದ್ದಾಗ. ಅವರ ಮನಸ್ಸು ತಾನಾಗಿ ಬದಲಾಯಿತು ಅಂತ ನಾವು ಹೇಳುವುದಿಲ್ಲ. ಹೆಂಗಸರು ಬದಲಾಯಿಸಿದರು.

ಮುಂದಿನ ಭಾಗ ಹೇಳುವುದಕ್ಕೆ ಬೇಸರ. ಆದರೂ ಹೇಳಲೇಬೇಕು.

ನಿಷೇಧ ಹೆಚ್ಚು ದಿನ ಉಳಿಯಲಿಲ್ಲ. ಕಳ್ಳಬಟ್ಟಿ ಶುರುವಾಯಿತು. ಪಕ್ಕದ ರಾಜ್ಯಗಳಿಂದ ಬಾಟಲಿ ಒಳಗೆ ಬಂತು. ಆ ಪಕ್ಕದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಖಜಾನೆಗೆ ಬರುತ್ತಿದ್ದ ದುಡ್ಡು ನಿಂತು ಸರ್ಕಾರಕ್ಕೆ ಕೈ ಕಟ್ಟಿದಂತಾಯಿತು. 1995ರ ಸೆಪ್ಟೆಂಬರಿನಲ್ಲಿ ಎನ್. ಚಂದ್ರಬಾಬು ನಾಯ್ಡು ಮುಖ್ಯಮಂತ್ರಿ ಆದರು. 1997ರಲ್ಲಿ ಅವರ ಸರ್ಕಾರ ನಿಷೇಧ ತೆಗೆಯಿತು. ಬಾಟಲಿ ಅಂಗಡಿಗಳು ಮತ್ತೆ ತೆರೆದವು.

ಹಾಗಾದರೆ ಸೋತರೇ? ನಮಗೆ ಹಾಗೆ ಅನಿಸುವುದಿಲ್ಲ, ಪೂರ್ತಿ ಗೆದ್ದರು ಅಂತಲೂ ಅನಿಸುವುದಿಲ್ಲ. ಕಾನೂನು ಮಾಡಿಸುವಷ್ಟು ಬಲ ಹೆಂಗಸರಿಗೆ ಇತ್ತು. ಆ ಕಾನೂನು ನಡೆಯುತ್ತಿದೆಯೋ ಇಲ್ಲವೋ ಅಂತ ಹೈದರಾಬಾದಿನಲ್ಲಿ ಕೂತು ದಿನ ದಿನ ನೋಡುವವರು ಅವರ ಕಡೆಯಿಂದ ಬಹಳ ಜನ ಇರಲಿಲ್ಲ. ಸಾರಾಯಿ ದುಡ್ಡು ಹೋದರೆ ಖಜಾನೆಗೆ ಬೇರೆ ದುಡ್ಡು ಎಲ್ಲಿಂದ, ಯಾರ ಮೇಲೆ ತೆರಿಗೆ, ಅನ್ನುವ ಮಾತು ನಡೆಯುವ ಜಾಗಕ್ಕೆ ಅವರನ್ನು ಯಾರೂ ಕರೆಯಲಿಲ್ಲ. ಊರ ಕಾವಲೂ ಬರುಬರುತ್ತಾ ಸಡಿಲವಾಯಿತು. ಕಾನೂನು ಬಂತಲ್ಲ, ಇನ್ನು ಪೊಲೀಸರು ನೋಡಿಕೊಳ್ಳುತ್ತಾರೆ ಅಂತ ಎಲ್ಲರಿಗೂ ಅನಿಸುವುದು ಸಹಜ.

ಈಗ ನಮ್ಮ ರಾಜ್ಯಕ್ಕೆ ಬರೋಣ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಿಂದ. ಪಾಕೀಟು ಹೋಯಿತು, ಬಾಟಲಿ ಉಳಿಯಿತು. ಬಾಟಲಿಯೂ ಬೇಡ ಅಂತ 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ರಾಯಚೂರು ಕಡೆಯ ಹಳ್ಳಿಗಳಿಂದ ಬಹಳ ಜನ ಬಂದಿದ್ದರು. ಸುಮಾರು 200 ಕಿಲೋಮೀಟರು ದಾರಿ. ಅವರು ಕೇಳಿದ್ದು ಇನ್ನೂ ಸಿಕ್ಕಿಲ್ಲ.

ನಮ್ಮಲ್ಲಿ ಅಬಕಾರಿ ವರ್ಷ ಜುಲೈ 1ಕ್ಕೆ ಶುರು ಆಗುತ್ತದೆ. ಲೈಸೆನ್ಸು ಹೊಸದು ಮಾಡುವುದು ಆಗಲೇ. ಅದಕ್ಕೆ ಮುಂಚೆ, ಸಾಮಾನ್ಯವಾಗಿ ಫೆಬ್ರವರಿ ಮಾರ್ಚ್ ಹೊತ್ತಿಗೆ, ವಿಧಾನಸಭೆಯಲ್ಲಿ ಬಜೆಟ್ ಓದುತ್ತಾರೆ. ಬಜೆಟ್ ಅಂದರೆ ಸರ್ಕಾರದ ಒಂದು ವರ್ಷದ ಬರುವ ದುಡ್ಡು, ಹೋಗುವ ದುಡ್ಡಿನ ಲೆಕ್ಕ. ಮಾರನೇ ದಿನ ಪೇಪರಿನಲ್ಲಿ ಬರುತ್ತದೆ. ಅದರಲ್ಲಿ ಅಬಕಾರಿ ಅಂತ ಒಂದು ಸಾಲು ಇರುತ್ತದೆ. ಮದ್ಯದಿಂದ ಈ ವರ್ಷ ಇಷ್ಟು ಕೋಟಿ ಬರಬೇಕು ಅಂತ ಮೊದಲೇ ಬರೆದಿರುತ್ತಾರೆ.

ಪಾಠ ಓದಿ ಆದ ಮೇಲೆ ಎಲ್ಲರೂ ಕೂತು ಮಾತಾಡಿ. ನಿಮ್ಮ ಊರಿಗೆ ಬಾಟಲಿ ಯಾವ ದಾರಿಯಿಂದ ಬರುತ್ತೆ? ಮಾರುವವರಿಗೆ ಲೈಸೆನ್ಸು ಉಂಟೋ, ಇಲ್ಲ ಕಿರಾಣಿ ಅಂಗಡಿಯಲ್ಲೇ ಮಾರುತ್ತಾರೋ? ಮೇಲೆ ನಾವು ಹಾಕಿದ ಲೆಕ್ಕವನ್ನು ಈಗಿನ ಕೂಲಿ, ಈಗಿನ ಬೆಲೆ ಹಾಕಿ ನಿಮ್ಮ ಊರಿಗೆ ಮಾಡಿ. ಆಮೇಲೆ ಒಂದು ಹಳೇ ಪೇಪರು ತರಿಸಿ, ಬಜೆಟ್ ದಿನದ್ದು. ಅಬಕಾರಿ ಅನ್ನುವ ಸಾಲು ಹುಡುಕಿ, ಅದರ ಮುಂದಿರುವ ಅಂಕಿಯನ್ನು ಜೋರಾಗಿ ಓದಿ.