ತಟ್ಟೆಯಲ್ಲಿ ಬೇಯುವ ಐರಿಷ್ ಸೇಬಿನ ಟಾರ್ಟ್

ಸೇಬು ಎಂದೊಡನೆ ನಮಗೆ ನೆನಪಾಗುವುದು ಜ್ವರ ಬಂದವರ ತಲೆದೆಸೆಯ ತಟ್ಟೆ, ಇಲ್ಲವೇ ಆಸ್ಪತ್ರೆಗೆ ಯಾರನ್ನೋ ನೋಡಲು ಹೋಗುವಾಗ ಕೊಳ್ಳುವ ಒಂದು ಕಿಲೋ ಹಣ್ಣು. ಒಲೆಯ ಹತ್ತಿರ ಅದಕ್ಕೇನು ಕೆಲಸ ಅಂತೀರಾ? ಐರ್ಲೆಂಡಿನ ಗೃಹಿಣಿಯನ್ನು ಕೇಳಿದರೆ, ಸೇಬಿಗೆ ಒಲೆಯ ಹತ್ತಿರವೇ ಹೆಚ್ಚು ಕೆಲಸ ಎಂದಾಳು. ಅಲ್ಲಿ ಅಡುಗೆಗೆಂದೇ ಬೇರೆ ಜಾತಿಯ ಸೇಬು ಉಂಟು. ಅದರ ಹೆಸರು ಬ್ರ್ಯಾಮ್ಲಿ. ಹಸಿಯಾಗಿ ಕಚ್ಚಿದರೆ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಬೆಂದರೆ ಹತ್ತಿಯಂತೆ ಮೆತ್ತಗಾಗುತ್ತದೆ, ಹುಳಿಯ ರುಚಿ ಮಾತ್ರ ಹಾಗೇ ಉಳಿಯುತ್ತದೆ. ಈ ಸೇಬನ್ನು ಮೈದಾದ ಎರಡು ಹಾಳೆಗಳ ನಡುವೆ ತುಂಬಿ ಬೇಯಿಸಿದರೆ ಐರಿಷ್ ಆಪಲ್ ಟಾರ್ಟ್. ಮೇಲೂ ಹಾಳೆ ಇದ್ದರೆ ಇಂಗ್ಲೆಂಡಿನವರು ಅದನ್ನು ಪೈ ಎನ್ನುತ್ತಾರೆ. ಐರ್ಲೆಂಡಿನವರಿಗೆ ಅದೂ ಟಾರ್ಟೇ.

ನಮ್ಮ ಮಾತಿನಲ್ಲಿ ಹೇಳುವುದಾದರೆ ಕಣಕವೂ ಇದೆ, ಹೂರಣವೂ ಇದೆ. ಹಾಗಿದ್ದ ಮೇಲೆ ನಮ್ಮ ಕೈಗೆ ಬಾರದೆ ಇದ್ದೀತೇ?

ಬೀಜ ಯಾರದು, ಹೆಸರು ಯಾರದು?

ಮಾಡುವ ಮೊದಲು ಆ ಸೇಬಿನ ಕಥೆಯನ್ನು ಒಂದಿಷ್ಟು ಕೇಳಿ. 1809ರಲ್ಲಿ ಇಂಗ್ಲೆಂಡಿನ ಸೌತ್‌ವೆಲ್ ಎಂಬ ಊರಿನಲ್ಲಿ ಮೇರಿ ಆನ್ ಬ್ರೇಲ್ಸ್‌ಫರ್ಡ್ ಎಂಬ ಹರೆಯದ ಹುಡುಗಿ ಸೇಬಿನ ಕೆಲವು ಬೀಜಗಳನ್ನು ಬಿತ್ತಿದಳು. ಅದರಲ್ಲಿ ಒಂದು ಗಿಡ ಮರವಾಯಿತು. ಮುಂದೆ 1846ರಲ್ಲಿ ಆ ಮನೆಯನ್ನು ಕೊಂಡವನು ಮ್ಯಾಥ್ಯೂ ಬ್ರ್ಯಾಮ್ಲಿ, ವೃತ್ತಿಯಿಂದ ಮಾಂಸದ ವ್ಯಾಪಾರಿ. 1856ರಲ್ಲಿ ಹೆನ್ರಿ ಮೆರಿವೆದರ್ ಎಂಬ ಸಸಿ ಬೆಳೆಗಾರ ಬಂದು, ಕಸಿ ಕಟ್ಟಲು ಆ ಮರದ ಕಡ್ಡಿ ಕೊಡಿರೆಂದು ಕೇಳಿದ. ಆಗಲಿ, ಆದರೆ ಹಣ್ಣಿಗೆ ನನ್ನ ಹೆಸರೇ ಇರಬೇಕು ಎಂದ ಮನೆಯ ಒಡೆಯ. ಹಾಗೆ ಅದು ಬ್ರ್ಯಾಮ್ಲಿ ಸೇಬಾಯಿತು. ಬೀಜ ಬಿತ್ತಿದ ಮೇರಿ ಆನ್ 1852ರಲ್ಲೇ ತೀರಿಕೊಂಡಿದ್ದಳು. ತನ್ನ ಗಿಡದ ಹಣ್ಣು ಊರೂರಿಗೆ ಹೋದದ್ದು ಅವಳಿಗೆ ತಿಳಿಯಲೇ ಇಲ್ಲ.

1884ರಲ್ಲಿ ಈ ಸೇಬಿನ ಸಸಿಗಳು ಸಮುದ್ರ ದಾಟಿ ಐರ್ಲೆಂಡ್ ದ್ವೀಪದ ಉತ್ತರ ಭಾಗದ ಅರ್ಮಾ ಪ್ರಾಂತಕ್ಕೆ ಬಂದವು. ಅಲ್ಲಿ ಎಷ್ಟು ಚೆನ್ನಾಗಿ ಹೊಂದಿಕೊಂಡವೆಂದರೆ, ತೋಟಗಳ ನಾಡು ಎಂದು ಹೆಸರಾದ ಅರ್ಮಾದಲ್ಲಿ ಇಂದಿಗೂ ಬ್ರ್ಯಾಮ್ಲಿಯದೇ ದರ್ಬಾರು. ನಮ್ಮ ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಗಳಿಗೆ ಊರಿನ ಗುರುತಿನ ರಕ್ಷಣೆ ಇರುವಂತೆ, ಅರ್ಮಾ ಬ್ರ್ಯಾಮ್ಲಿಗೂ 2012ರಲ್ಲಿ ಯುರೋಪಿನಲ್ಲಿ ಅಂಥದೇ ಮಾನ್ಯತೆ ಸಿಕ್ಕಿತು.

ಮುಚ್ಚಳದ ಮೇಲೆ ಕೆಂಡ

ಓವನ್ ಇಲ್ಲದೆ ಹಳ್ಳಿಯ ಹೆಂಗಸರು ಇದನ್ನು ಹೇಗೆ ಬೇಯಿಸುತ್ತಿದ್ದರು ಅಂತ ನಿಮಗೆ ಅನ್ನಿಸಬಹುದು. ಅವರಲ್ಲಿ ಬ್ಯಾಸ್ಟಬಲ್ ಎಂಬ ಕಬ್ಬಿಣದ ಪಾತ್ರೆ ಇತ್ತು. ಚಪ್ಪಟೆ ತಳ, ಪುಟ್ಟ ಕಾಲುಗಳು, ಭಾರದ ಮುಚ್ಚಳ. ಜೌಗು ನೆಲದಿಂದ ಕಡಿದು ಒಣಗಿಸಿದ ಹೆಂಟೆಗಳೇ ಅಲ್ಲಿನ ಉರುವಲು. ಆ ಉರಿಯ ಮೇಲೆ ಪಾತ್ರೆ ಇಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿದರೆ ಮುಗಿಯಿತು, ಅದೇ ಓವನ್. ಕೆಳಗೂ ಬೆಂಕಿ, ಮೇಲೂ ಬೆಂಕಿ. ಇದ್ದಿಲ ಒಲೆಯ ಕಾಲದಲ್ಲಿ ಮುಚ್ಚಳದ ಮೇಲೆ ಕೆಂಡ ಹಾಕಿ ಅಡುಗೆ ಮಾಡಿದ ನಮ್ಮ ಅಜ್ಜಿಯಂದಿರಿಗೆ ಇದೇನೂ ಹೊಸದಲ್ಲ, ಅಲ್ಲವೇ? ಐರ್ಲೆಂಡಿನ ಹಳ್ಳಿಗಳಿಗೆ ವಿದ್ಯುತ್ ತಲಪಿಸುವ ಯೋಜನೆ ಶುರುವಾದದ್ದೇ 1946ರಲ್ಲಿ. ಅಲ್ಲಿಯವರೆಗೆ ಎಷ್ಟೋ ಮನೆಗಳ ರೊಟ್ಟಿ, ಟಾರ್ಟು ಎಲ್ಲ ಕೆಂಡದಲ್ಲೇ.

ಈ ಮನೆ ಅಡುಗೆಗೆ ಹೊರಗೂ ಬೆಲೆ ತಂದವರಲ್ಲಿ ಮರ್ಟಲ್ ಆ್ಯಲನ್ ಮುಖ್ಯರು. ರೈತ ಕುಟುಂಬದ ಈ ಗೃಹಿಣಿ 1964ರಲ್ಲಿ, ಕಾರ್ಕ್ ಪ್ರಾಂತದ ಬ್ಯಾಲಿಮಲೂನಲ್ಲಿದ್ದ ತಮ್ಮ ಮನೆಯ ಊಟದ ಕೋಣೆಯನ್ನೇ ಹೋಟೆಲಾಗಿ ತೆರೆದರು. ಸುತ್ತಮುತ್ತ ಬೆಳೆದದ್ದನ್ನೇ ಬಡಿಸಿದರು. 1975ರಲ್ಲಿ ಪಾಕ ಲೋಕದ ದೊಡ್ಡ ಗೌರವವಾದ ಮಿಶೆಲಿನ್ ನಕ್ಷತ್ರ ಅವರನ್ನು ಹುಡುಕಿಕೊಂಡು ಬಂತು. ಮನೆಯ ಅಡುಗೆ ಅಂದರೆ ಸಾಮಾನ್ಯ ಅಂತ ಮೂಗು ಮುರಿಯುವವರಿಗೆ ಇದಕ್ಕಿಂತ ಉತ್ತರ ಬೇಕೇ?

ಬೇಕಾಗುವ ಸಾಮಗ್ರಿ

ಮೈದಾ 250 ಗ್ರಾಂ, ತಣ್ಣಗಿನ ಬೆಣ್ಣೆ 125 ಗ್ರಾಂ, ಕಣಕಕ್ಕೆ ಸಕ್ಕರೆ 1 ದೊಡ್ಡ ಚಮಚ, ಚಿಟಿಕೆ ಉಪ್ಪು, ತಣ್ಣೀರು 4ರಿಂದ 5 ದೊಡ್ಡ ಚಮಚ. ಹೂರಣಕ್ಕೆ ಸೇಬು 600 ಗ್ರಾಂ, ಸಕ್ಕರೆ 75 ಗ್ರಾಂ, ಲವಂಗ 3, ಅರ್ಧ ನಿಂಬೆಹಣ್ಣಿನ ರಸ. ಮೇಲೆ ಸವರಲು ಸ್ವಲ್ಪ ಹಾಲು. ಬೇಯಿಸಲು 9 ಅಂಗುಲದ, ಅಂಚುಳ್ಳ ಸ್ಟೀಲ್ ಅಥವಾ ಎನಾಮಲ್ ತಟ್ಟೆ. ಐರ್ಲೆಂಡಿನ ಮನೆಗಳಲ್ಲೂ ಇದಕ್ಕೆ ತಟ್ಟೆಯೇ ರೂಢಿ.

ಬ್ರ್ಯಾಮ್ಲಿ ನಮ್ಮ ಅಂಗಡಿಗಳಲ್ಲಿ ಸಿಗದು. ಹಸಿರು ಸೇಬು ಸಿಕ್ಕರೆ ಒಳ್ಳೆಯದು. ಕೆಂಪು ಸೇಬೇ ಆದರೆ ಸಕ್ಕರೆಯನ್ನು 50 ಗ್ರಾಮಿಗೆ ಇಳಿಸಿ, ಇಡೀ ನಿಂಬೆಹಣ್ಣಿನ ರಸ ಹಿಂಡಿ.

ಮಾಡುವ ವಿಧಾನ

ಮೈದಾ, ಉಪ್ಪು, ಸಕ್ಕರೆ ಬೆರೆಸಿ. ಬೆಣ್ಣೆಯನ್ನು ಚೂರು ಮಾಡಿ ಹಾಕಿ, ಬೆರಳ ತುದಿಯಿಂದಲೇ ಉಜ್ಜಿ ರವೆಯಂತೆ ಉದುರುದುರು ಮಾಡಿಕೊಳ್ಳಿ. ಅಂಗೈ ತಗಲಿಸಬೇಡಿ, ಅದರ ಬಿಸಿಗೆ ಬೆಣ್ಣೆ ಕರಗುತ್ತದೆ. ನೀರು ಚಿಮುಕಿಸಿ ಹಿಟ್ಟನ್ನು ಒಂದುಗೂಡಿಸಿ, ಅಷ್ಟೆ. ಹೋಳಿಗೆಯ ಕಣಕವನ್ನು ನಾದಿದಷ್ಟೂ ಚೆನ್ನ. ಇಲ್ಲಿ ಅದಕ್ಕೆ ತದ್ವಿರುದ್ಧ. ನಾದಿದರೆ ಹಿಟ್ಟಿಗೆ ಜಿಗಿ ಬಂದು, ಬೆಂದ ಮೇಲೆ ಗಟ್ಟಿಯಾಗುತ್ತದೆ. ಮುಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

ಸೇಬಿನ ಸಿಪ್ಪೆ, ಬೀಜ ತೆಗೆದು ತೆಳ್ಳಗೆ ಹೆಚ್ಚಿ ನಿಂಬೆರಸ ಬೆರೆಸಿ. ಸಕ್ಕರೆ, ಕುಟ್ಟಿದ ಲವಂಗವನ್ನು ತುಂಬುವ ಹೊತ್ತಿಗೆ ಬೆರೆಸಿದರೆ ಸಾಕು. ಮೊದಲೇ ಬೆರೆಸಿಟ್ಟರೆ ನೀರೊಡೆಯುತ್ತದೆ.

ಕಣಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗವನ್ನು ಲಟ್ಟಿಸಿ, ಬೆಣ್ಣೆ ಸವರಿದ ತಟ್ಟೆಗೆ ಹಾಸಿ. ಮೇಲೆ 1 ಚಮಚ ಒಣ ಮೈದಾ ಉದುರಿಸಿದರೆ ಹಣ್ಣಿನ ರಸವನ್ನು ಅದು ಹೀರಿಕೊಳ್ಳುತ್ತದೆ. ಸೇಬು ಹರಡಿ. ಅಂಚಿಗೆ ನೀರು ಸವರಿ, ಉಳಿದ ಕಣಕದ ಹಾಳೆ ಹೊದಿಸಿ, ಕಡುಬಿನ ಅಂಚು ಒತ್ತುವಂತೆ ಸುತ್ತಲೂ ಒತ್ತಿ. ಆವಿ ಹೋಗಲು ಮೇಲೆ ಮೂರು ಕಡೆ ಚಾಕುವಿನಿಂದ ಗೀರಿ, ಹಾಲು ಸವರಿ.

ಮೊದಲೇ ಕಾಯಿಸಿದ ಓವನ್ನಿನಲ್ಲಿ 200 ಡಿಗ್ರಿಯಲ್ಲಿ 15 ನಿಮಿಷ, ಆಮೇಲೆ 180 ಡಿಗ್ರಿಗೆ ಇಳಿಸಿ 30 ನಿಮಿಷ ಬೇಯಿಸಿ. ಹೊಂಬಣ್ಣ ಬಂದ ಮೇಲೆ ತೆಗೆದು, ಅರ್ಧ ಗಂಟೆ ಆರಿಸಿ. ಆತುರಪಟ್ಟು ಬಿಸಿಯಲ್ಲೇ ಕತ್ತರಿಸಿದರೆ ಹೂರಣವೆಲ್ಲ ಹರಿದೀತು! ಹಾಲಿನ ಕೆನೆ ಅಥವಾ ಕಸ್ಟರ್ಡ್ ಜೊತೆಗೆ ಬಡಿಸಿ.

ಓವನ್ ಇಲ್ಲದಿದ್ದರೆ?

ಚಿಂತೆ ಬೇಡ. ದಪ್ಪ ತಳದ ದೊಡ್ಡ ಪಾತ್ರೆಗೆ ಒಂದಂಗುಲ ಒಣ ಮರಳು ಹಾಕಿ, ನಡುವೆ ಸಿಂಬಿ ಅಥವಾ ಸಣ್ಣ ಸ್ಟ್ಯಾಂಡ್ ಇಡಿ. ಅದು ಲೋಹದ್ದೇ ಆಗಿರಲಿ. ಮುಚ್ಚಿ 10 ನಿಮಿಷ ಕಾಯಿಸಿ. ತಟ್ಟೆಯನ್ನಿಟ್ಟು ಮತ್ತೆ ಮುಚ್ಚಿ, ಸಾಧಾರಣ ಉರಿಯಲ್ಲಿ ಸುಮಾರು ಒಂದು ಗಂಟೆ ಬೇಯಿಸಿ. ಬೆಂಕಿ ಕೆಳಗಷ್ಟೇ ಇರುವುದರಿಂದ ಮೇಲ್ಭಾಗ ಬಿಳುಪಾಗಿರುತ್ತದೆ, ರುಚಿಗೆ ಕೊರತೆಯಿಲ್ಲ. ಇದ್ದಿಲ ಒಲೆ ಇರುವವರು ಮುಚ್ಚಳದ ಮೇಲೆ ಕೆಂಡ ಹರಡಿದರೆ ಬಣ್ಣವೂ ಬಂದೀತು. ಆದರೆ ಇದನ್ನು ಹಿತ್ತಲಿನಲ್ಲೋ ಅಂಗಳದಲ್ಲೋ ಮಾಡಿ. ಮುಚ್ಚಿದ ಅಡುಗೆಮನೆಯಲ್ಲಿ ಕೆಂಡದ ಹೊಗೆ ಅಪಾಯ.

ಟಾರ್ಟ್ ಕತ್ತರಿಸುವಾಗ ಮಕ್ಕಳು "ಇದೇನಮ್ಮಾ?" ಅಂತ ಕೇಳಿಯೇ ಕೇಳುತ್ತವೆ. ಆಗ ಮೇರಿ ಆನ್ ಕಥೆ ಹೇಳಿ. ಅವಳ ಹೆಸರನ್ನಾದರೂ ಯಾರೋ ಗುರುತು ಹಾಕಿಟ್ಟದ್ದರಿಂದ ನಮಗೆ ತಿಳಿಯಿತು. ಕೆಂಡದ ಮುಂದೆ ಕೂತು ಈ ಟಾರ್ಟನ್ನು ರೂಢಿಗೆ ತಂದ ಐರ್ಲೆಂಡಿನ ಹೆಂಗಸರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಮ್ಮಲ್ಲೂ ಅಷ್ಟೆ ಅಲ್ಲವೇ? ಅತ್ತೆಯ ಕೈಯ ಗೊಜ್ಜು, ಅಮ್ಮನ ಉಪ್ಪಿನಕಾಯಿ, ಪಕ್ಕದ ಮನೆಯ ಅಜ್ಜಿಯ ಹಪ್ಪಳ, ಎಲ್ಲವೂ ಬಾಯಲ್ಲೇ ಉಳಿದಿವೆ. ಇಂದೇ ಒಂದು ನೋಟ್‌ಬುಕ್ ತೆಗೆದು ಅಳತೆ, ವಿಧಾನ ಕೇಳಿ ಬರೆದಿಡಿ. ಕೆಳಗೆ ಅವರ ಹೆಸರನ್ನೂ ಬರೆಯಿರಿ.