ಸತ್ಯಭಾಮೆಯ ಮನೆಗೆ ಕೊರವಂಜಿ ಬಂದಾಗ

ಕಥೆಯ ಹುಚ್ಚು ಹಿಡಿದವರು ಸುಮ್ಮನೆ ಓದಿ ಬಿಡೋದಿಲ್ಲ. ಪಾತ್ರಗಳ ಚಿತ್ರ ಬಿಡಿಸ್ತಾರೆ, ವೇಷ ತೊಡ್ತಾರೆ, ಮೂಲದಲ್ಲಿ ಇಲ್ಲದ ದೃಶ್ಯ ತಾವೇ ಬರೀತಾರೆ. ಇಂಗ್ಲಿಷ್ ಲೇಖಕ ಟೋಲ್ಕಿನ್‌ನ ಅಭಿಮಾನಿಗಳು ಇವನ್ನ ಫ್ಯಾನ್ ಆರ್ಟ್, ಕಾಸ್‌ಪ್ಲೇ, ಫ್ಯಾನ್ ಫಿಕ್ಷನ್ ಅಂತಾರೆ. ಬಾಗಲಕೋಟೆ ಸೀಮೆಗೆ ಈ ಮೂರರ ಜೊತೆಗೂ ಹಳೇ ನಂಟು.

ಚಿತ್ರಕ್ಕೆ ಬಾದಾಮಿಯಿಂದ ಸುಮಾರು 22 ಕಿಲೋಮೀಟರ್ ದೂರದ ಪಟ್ಟದಕಲ್ಲು ಇದೆ. ಎಂಟನೇ ಶತಮಾನದ ಪಾಪನಾಥ ಗುಡಿಯ ಹೊರಗೋಡೆ ಹತ್ತಿರ ಹೋಗಿ ನೋಡಿ. ರಾಮಾಯಣದ ದೃಶ್ಯಗಳು ಸಾಲಾಗಿವೆ. ಪಾತ್ರಗಳ ಪಕ್ಕದಲ್ಲೇ ಅವರವರ ಹೆಸರು ಕೆತ್ತಿದ್ದಾರೆ, ನಾವು ಫೋಟೋಗೆ ಟ್ಯಾಗ್ ಹಾಕೋ ಹಾಗೆ!

ವೇಷಕ್ಕೆ ಬಯಲಾಟದ ಒಂದು ಬಗೆಯಾದ ದೊಡ್ಡಾಟ ಇದೆ. ಹಗುರ ಕಟ್ಟಿಗೆಯ ಕಿರೀಟ, ಭುಜಕೀರ್ತಿ, ಮೇಲೆ ಮಿರುಗುವ ಬೇಗಡೆ.

ಆದರೆ ನನ್ನ ಮನಸ್ಸು ಗೆದ್ದದ್ದು ಮೂರನೆಯದು, ಹೊಸ ದೃಶ್ಯ ಕಟ್ಟೋದು; ಅದಕ್ಕೆ ಶ್ರೀಕೃಷ್ಣ ಪಾರಿಜಾತ ಅನ್ನೋ ಆಟ ಇದೆ. ಪುರಾಣದ ಎಳೆ ಸಣ್ಣದು: ಪಾರಿಜಾತದ ಹೂ ಕೃಷ್ಣನ ಹೆಂಡತಿ ರುಕ್ಮಿಣಿಗೆ ಸಿಗುತ್ತೆ, ಇನ್ನೊಬ್ಬ ಹೆಂಡತಿ ಸತ್ಯಭಾಮೆ ಮುನಿಸಿಕೊಳ್ತಾಳೆ. ಅಪರಾಳ ತಮ್ಮಣ್ಣ ಅದನ್ನ ಆಟವಾಗಿ ಕಟ್ಟಿದ, ಕುಲಗೋಡ ತಮ್ಮಣ್ಣ ಊರೂರಿಗೆ ಮುಟ್ಟಿಸಿದ. ಈ ಆಟದಲ್ಲಿ ಕೃಷ್ಣ ಕೊರವಂಜಿ ವೇಷ ಹಾಕ್ಕೊಂಡು ಬಂದು ಭಾಮೆಗೆ ಕಣಿ ಹೇಳ್ತಾನೆ. ದೂತಿ, ಭಾಗವತ ಇಬ್ಬರೂ ಪಕ್ಕಾ ಉತ್ತರ ಕರ್ನಾಟಕದ ಮಾತಲ್ಲಿ ಕಾಲೆಳೀತಾರೆ. ಭಾಮೆ ಇಳಕಲ್ ಸೀರೆ ಉಟ್ಟು ಬಂದರೂ ಯಾರಿಗೂ ಅಚ್ಚರಿಯಿಲ್ಲ, ಅವಳು ನಮ್ಮೂರ ಹೆಣ್ಣುಮಗಳೇ ಆಗಿಬಿಟ್ಟಿದ್ದಾಳೆ! ಕಲಾವಿದೆ ಕೌಜಲಗಿ ನಿಂಗಮ್ಮ ಮನೆಮಾತಾದದ್ದೂ ಇದೇ ಪಾರಿಜಾತದಿಂದ.

ಜಾತ್ರೆ ದಿನಗಳಲ್ಲಿ ಲೋಕಾಪುರ, ಮುಧೋಳ ಕಡೆ ಪಾರಿಜಾತ ಇದೆ ಅಂತ ಕಿವಿಗೆ ಬಿದ್ದರೆ, ಊಟ ಮುಗಿಸಿ ಹೊರಡಿ. ಆಟ ಬೆಳಗಿನ ತನಕ ನಡೆಯುತ್ತೆ.