ಬೇಸಿಗೆ ರಜೆಯ ಮಧ್ಯಾಹ್ನಗಳು: ಮನೆಯೊಳಗೇ ಮಕ್ಕಳಿಗೆ ಆಟ, ಕೆಲಸ, ಕಲಿಕೆ

ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗಳಿಗೆ ಬೇಸಿಗೆ ರಜೆ. ಇದೇ ದಿನಗಳಲ್ಲಿ ಬೀದರ್ ಜಿಲ್ಲೆಯ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಾಗಲಿ, ಔರಾದ್‌ನಲ್ಲಾಗಲಿ, ಬೀದರ್ ನಗರದಲ್ಲಾಗಲಿ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಮಕ್ಕಳನ್ನು ಹೊರಗೆ ಬಿಡುವುದು ಕಷ್ಟ. ಬಿಸಿಲಿನ ಝಳ ಒಂದು ಚಿಂತೆಯಾದರೆ, ಹಿರಿಯರ ಕಣ್ಣು ತಪ್ಪಿಸಿ ಬಾವಿ, ಕೆರೆಗೆ ಈಜಲು ಹೋಗುವ ಭಯ ಇನ್ನೊಂದು. ಒಳಗೆ ಕೂರಿಸಿದರೆ ಕೈಗೆ ಮೊಬೈಲ್ ಬರುತ್ತದೆ. ದಿನಕ್ಕೆ ಐದು ತಾಸಿನಂತೆ ಆರು ವಾರ ಲೆಕ್ಕ ಹಾಕಿದರೆ 210 ತಾಸು. ಇಷ್ಟು ಸಮಯವನ್ನು ಮಕ್ಕಳು ಹೇಗೆ ಕಳೆಯುತ್ತಾರೆ ಎಂಬುದು ಸಣ್ಣ ಮಾತಲ್ಲ.

ಭಗವಾನ್ ಋಷಭನಾಥರು ಮಗಳು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಿಗಳನ್ನೂ ಕಲಿಸಿದರೆಂದು ಪುರಾಣ ಹೇಳುತ್ತದೆ. ಮನೆಯೇ ಮೊದಲ ಪಾಠಶಾಲೆ ಎಂಬುದಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ಬೇಕಿಲ್ಲ. ಹೆಚ್ಚು ಖರ್ಚಿಲ್ಲದೆ, ಮನೆಯಲ್ಲಿರುವ ಸಾಮಾನಿನಿಂದಲೇ ಮಾಡಬಹುದಾದ ಕೆಲವು ಚಟುವಟಿಕೆಗಳು ಇಲ್ಲಿವೆ.

ಚೌಕಾಬಾರ: ಆಟದಲ್ಲೇ ಲೆಕ್ಕ

ನೆಲದ ಮೇಲೆ ಸೀಮೆಸುಣ್ಣದಿಂದ ಐದಕ್ಕೆ ಐದು, ಒಟ್ಟು 25 ಮನೆ ಬರೆಯಬೇಕು. ನಾಲ್ವರು ಆಟಗಾರರಿಗೆ ತಲಾ ನಾಲ್ಕು ಕಾಯಿ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜಗಳ ಒಂದು ಬದಿಯನ್ನು ಒರಟು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಂಡರೆ ಸಾಕು. ಎಷ್ಟು ಬೀಜದ ಬಿಳಿ ಬದಿ ಮೇಲಾಗುತ್ತದೋ ಅಷ್ಟು ಮನೆ ನಡೆ. ನಾಲ್ಕೂ ಬಿಳಿಯಾದರೆ ಚೌಕಾ, ಅಂದರೆ 4. ನಾಲ್ಕೂ ಕಪ್ಪಾದರೆ ಬಾರಾ, ಅಂದರೆ 8. ಉಳಿದ ನಿಯಮಗಳು ಊರಿಂದೂರಿಗೆ ಸ್ವಲ್ಪ ಬೇರೆ. ಅವನ್ನು ಅಜ್ಜಿ ಅಜ್ಜನಿಂದ ಕೇಳಿ ತಿಳಿಯುವುದೇ ಒಂದು ಕೆಲಸವಾಗಲಿ.

ದೊಡ್ಡ ಮಕ್ಕಳಿಗೆ ಒಂದು ಪ್ರಶ್ನೆ ಕೊಡಬಹುದು: ಎರಡು ಹೆಚ್ಚು ಸಲ ಬೀಳುವುದೇಕೆ, ಬಾರಾ ಅಪರೂಪವೇಕೆ? ನಾಲ್ಕು ಬೀಜ ಬೀಳುವ ರೀತಿಗಳು ಒಟ್ಟು 16. ಅದರಲ್ಲಿ ಒಂದು ಬೀಳುವುದು 4 ರೀತಿ, ಎರಡು 6 ರೀತಿ, ಮೂರು 4 ರೀತಿ, ಚೌಕಾ ಮತ್ತು ಬಾರಾ ತಲಾ ಒಂದೇ ರೀತಿ. ನೂರು ಸಲ ಬೀಜ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಈ ಲೆಕ್ಕ ಎಷ್ಟರಮಟ್ಟಿಗೆ ಸರಿಹೊಂದುತ್ತದೆ ಎಂದು ಮಕ್ಕಳೇ ನೋಡಬಹುದು. ತೀರಾ ಹೊಂದದಿದ್ದರೆ ಬೀಜವೇ ಒಂದು ಬದಿಗೆ ವಾಲುತ್ತಿರಬಹುದು.

ಮಹಾವೀರಾಚಾರ್ಯರ ಹೂಮಾಲೆ

ಪಕ್ಕದ ಕಲಬುರಗಿ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ರಚಿಸಿದರು. ಅದರಲ್ಲಿ ಉತ್ತರವು ಹಾರದಂತೆ ಬರುವ ಗುಣಾಕಾರಗಳಿವೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಉತ್ತರ ಒಂದೇ:

139 × 109 = 15151
152207 × 73 = 11111111
27994681 × 441 = 12345654321

ಉತ್ತರ ಹೇಳದೆ ಗುಣಾಕಾರ ಮಾತ್ರ ಕೊಡಿ. ಕ್ಯಾಲ್ಕುಲೇಟರ್ ಬೇಡ. ಉತ್ತರ ಹಾರವಾಗದಿದ್ದರೆ ಎಲ್ಲೋ ತಪ್ಪಾಗಿದೆ ಎಂದು ಮಗುವಿಗೇ ಗೊತ್ತಾಗುತ್ತದೆ. ಬಂದ ಅಂಕಿಗಳನ್ನು ಬಣ್ಣದ ಕಾಗದದ ಹೂಗಳ ಮೇಲೆ ಬರೆದು ದಾರದಲ್ಲಿ ಪೋಣಿಸಿ ಬಾಗಿಲಿಗೆ ಕಟ್ಟಬಹುದು.

ಆರು ರುಚಿಯ ಶರಬತ್ತು

ಆರು ರಸಗಳಿಂದ ಎಷ್ಟು ಬಗೆಯ ಮಿಶ್ರಣ ಸಾಧ್ಯ ಎಂಬ ಪ್ರಶ್ನೆಯೂ ಅದೇ ಗ್ರಂಥದಲ್ಲಿದೆ. ಇದನ್ನು ಅಡುಗೆಮನೆಗೆ ತರುವುದು ಸುಲಭ. ಸಿಹಿಗೆ ಬೆಲ್ಲ, ಹುಳಿಗೆ ನಿಂಬೆ ಅಥವಾ ಮಾವಿನಕಾಯಿ, ಉಪ್ಪು, ಖಾರಕ್ಕೆ ಮೆಣಸು, ಕಹಿಗೆ ಮೆಂತ್ಯ, ಒಗರಿಗೆ ನೆಲ್ಲಿಪುಡಿ. ಎರಡೆರಡು ರುಚಿ ಸೇರಿಸಿದರೆ 15 ಜೋಡಿ. ಒಂದರಿಂದ ಆರರವರೆಗೆ ಎಲ್ಲ ಬಗೆಯನ್ನೂ ಎಣಿಸಿದರೆ 63. ಸೋಸಿದ ನೀರಿನಲ್ಲಿ ಒಂದೊಂದು ಚಮಚದಷ್ಟೇ ಮಾಡಿ ರುಚಿ ನೋಡಿ, ಯಾವುದು ಚೆನ್ನಾಗಿದೆ ಎಂದು ಪಟ್ಟಿ ಬರೆಯಲಿ. ಒಲೆ ಬೇಕಿಲ್ಲ. ಬಿಸಿಲಿಗೆ ದಾಹವೂ ತೀರುತ್ತದೆ.

ಕಾಗದದ ಮೇಲೆ ಬಿದರಿ

ಬಿದರಿ ಕಲೆ ಬೀದರ್‌ನ ಹೆಮ್ಮೆ. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಚಿತ್ತಾರ ಕೊರೆದು, ಅದರಲ್ಲಿ ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣದಿಂದ ಕಪ್ಪಾಗಿಸುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಇರುತ್ತದೆ. ಮಕ್ಕಳು ಇದನ್ನೇ ಕಪ್ಪು ರಟ್ಟಿನ ಮೇಲೆ ಮಾಡಬಹುದು. ಚಾಕೊಲೇಟಿನ ಬೆಳ್ಳಿ ಹಾಳೆಯನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಮೈದಾ ಅಂಟಿನಿಂದ ಹೂಬಳ್ಳಿ, ಸ್ವಸ್ತಿಕ, ನವಿಲಿನ ಆಕಾರದಲ್ಲಿ ಅಂಟಿಸಬೇಕು.

ಬಣ್ಣಕ್ಕೆ ಅರಿಸಿನ, ದಾಸವಾಳ, ಒಣಗಿದ ಮುತ್ತುಗದ ಹೂ ಸಾಕು. ಗೆಡ್ಡೆ ತರದ ಮನೆಗಳಲ್ಲಿ ಬೀಟ್‌ರೂಟ್ ಬದಲು ದಾಸವಾಳದ ನೀರಿಗೆ ನಿಂಬೆ ಹಿಂಡಿದರೆ ಕೆಂಪು ಸಿಗುತ್ತದೆ. ಅರಿಸಿನ ಹಚ್ಚಿದ ಕಾಗದದ ಮೇಲೆ ಸೋಪಿನ ನೀರಿನಿಂದ ಬರೆದರೆ ಅಕ್ಷರ ಕೆಂಪಾಗಿ ಮೂಡುತ್ತದೆ. ಇದು ಆಮ್ಲ, ಕ್ಷಾರದ ಮೊದಲ ಪಾಠ.

ಹಾವು ಏಣಿಯ ಹಳೆಯ ರೂಪ

ಇಂದಿನ ಹಾವು ಏಣಿ ಆಟ ನಮ್ಮ ದೇಶದ ಹಳೆಯ ಜ್ಞಾನ ಚೌಪಡದಿಂದ ಬಂದದ್ದು. ಅದರ ಜೈನ ಪಟಗಳಲ್ಲಿ ಸಾಮಾನ್ಯವಾಗಿ 84 ಮನೆಗಳಿದ್ದು, ತುದಿಯಲ್ಲಿ ಸಿದ್ಧಶಿಲೆ ಇರುತ್ತದೆ. ಏಣಿ ಒಳ್ಳೆಯ ಗುಣಕ್ಕೆ, ಹಾವು ದೋಷಕ್ಕೆ. ಮನೆಯಲ್ಲಿ 50 ಮನೆಯ ಪಟ ಸಾಕು. ಏಣಿ, ಹಾವುಗಳ ಹೆಸರನ್ನು ಮಕ್ಕಳೇ ಇಡಲಿ. ‘ತಂಗಿಗೆ ಆಟಿಕೆ ಕೊಟ್ಟೆ’ ಎಂಬುದು ಏಣಿ, ‘ಸುಳ್ಳು ಹೇಳಿದೆ’ ಎಂಬುದು ಹಾವು. ಉಪದೇಶ ಮಾಡಿದರೆ ಕೇಳದ ಮಗು ತಾನೇ ಬರೆದ ಹಾವಿನ ಬಾಯಿಗೆ ಬಿದ್ದಾಗ ನಗುತ್ತದೆ, ನೆನಪೂ ಇಡುತ್ತದೆ.

ಹಕ್ಕಿಗೆ ನೀರು, ಆದರೆ ಎಚ್ಚರದಿಂದ

ಮಾಳಿಗೆಯ ಮೇಲೆ ಹಕ್ಕಿಗಳಿಗೆ ನೀರಿಡುವುದು ಅನೇಕ ಮನೆಗಳಲ್ಲಿದೆ. ಇಲ್ಲೊಂದು ಸೂಕ್ಷ್ಮ ವಿಷಯವಿದೆ. ನೀರು ಬದಲಿಸದೆ ಒಂದು ವಾರ ಬಿಟ್ಟರೆ ಅದರಲ್ಲಿ ಸೊಳ್ಳೆ ಮೊಟ್ಟೆಯಿಟ್ಟು ಮರಿಯಾಗುತ್ತದೆ. ಆಗ ನೀರು ಚೆಲ್ಲಿದರೆ ಜೀವಹಾನಿ, ಚೆಲ್ಲದಿದ್ದರೆ ಡೆಂಗಿ ಭಯ. ಇಬ್ಬಗೆಯ ತೊಂದರೆ ಬಾರದಂತೆ ಪ್ರತಿದಿನ ಬೆಳಿಗ್ಗೆ ಬಟ್ಟಲನ್ನು ಒರೆಸಿ ಹೊಸ ನೀರು ಹಾಕಬೇಕು. ಅಗಲವಾದ, ಆಳವಿಲ್ಲದ ಮಣ್ಣಿನ ಬಟ್ಟಲಿಟ್ಟು ನಡುವೆ ಒಂದು ಕಲ್ಲಿಟ್ಟರೆ ಬಿದ್ದ ಇರುವೆ, ಜೇನು ಹತ್ತಿ ಬದುಕುತ್ತವೆ. ಈ ಜವಾಬ್ದಾರಿಯನ್ನು ಒಬ್ಬ ಮಗುವಿಗೆ ಒಪ್ಪಿಸಿ. ಬಂದ ಹಕ್ಕಿಗಳ ಹೆಸರು, ಹೊತ್ತು ಬರೆದಿಡಲಿ. ಗಡಿಭಾಗದ ಮನೆಗಳಲ್ಲಿ ಹಕ್ಕಿಯ ಹೆಸರನ್ನು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಬರೆಯಬಹುದು.

ಪಾಲಕರು ಗಮನಿಸಬೇಕಾದದ್ದು

ದಿನಕ್ಕೆ ಒಂದೇ ಹೊಸ ಚಟುವಟಿಕೆ ಸಾಕು. ಬೆಳಿಗ್ಗೆ ಹಕ್ಕಿ ನೀರು, ಊಟಕ್ಕೆ ಮುಂಚೆ ಲೆಕ್ಕ ಅಥವಾ ಚಿತ್ರ, ಊಟದ ನಂತರ ವಿಶ್ರಾಂತಿ, ಮೂರಕ್ಕೆ ಚೌಕಾಬಾರ, ಬಿಸಿಲು ಇಳಿದ ಮೇಲೆ ಹೊರಗಿನ ಆಟ ಎಂದು ಕ್ರಮವಿಟ್ಟರೆ ಸೂರ್ಯಾಸ್ತಕ್ಕೆ ಮುಂಚೆ ಊಟಕ್ಕೂ ಸಮಯ ಸಿಗುತ್ತದೆ. ಹುಣಸೆ ಬೀಜ, ಕವಡೆಗಳನ್ನು ಪುಟ್ಟ ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಕತ್ತರಿ ಹಿಡಿಯುವಾಗ ಹಿರಿಯರೊಬ್ಬರು ಹತ್ತಿರವಿರಲಿ.

ಮಕ್ಕಳಿಂದ ಮೊಬೈಲ್ ಕಸಿದುಕೊಂಡು ಹಿರಿಯರು ತಾವು ಅದನ್ನೇ ನೋಡುತ್ತ ಕುಳಿತರೆ ಇದಾವುದೂ ನಡೆಯದು. ಚೌಕಾಬಾರಕ್ಕೆ ನಾಲ್ವರಿದ್ದರೆ ಚೆನ್ನ. ಮನೆಯಲ್ಲಿ ಇಬ್ಬರೇ ಮಕ್ಕಳಿದ್ದರೆ ಉಳಿದ ಎರಡು ಕೈ ಅಪ್ಪ, ಅವ್ವ, ಅಜ್ಜ, ಅಜ್ಜಿಯರದ್ದೇ ಆಗಬೇಕು.